ಅಳೆಯುವ ಮುನ್ನ: ಹುಳಿಯಾರು ಸೀಮೆಯ ತೆಂಗು ಮತ್ತು ಮೌಲ್ಯಮಾಪನ ಸಿದ್ಧತೆಯ ಚರಿತ್ರೆ

ತೆಂಗಿನ ಮರದಿಂದ ಇಂದು ಬಲಿತು ಬಿದ್ದ ಕಾಯಿಯ ಹುಟ್ಟು ಸುಮಾರು 44 ತಿಂಗಳ ಹಿಂದಿನದು. ಸುಳಿಯೊಳಗೆ ಹೊಂಬಾಳೆಯ ಮೊಳಕೆ ಮೂಡಿ, ಅದು ಹೊರಬಂದು ಬಿರಿಯುವುದಕ್ಕೆ 32 ತಿಂಗಳಷ್ಟು ಹಿಡಿಯುತ್ತದೆ. ಬಿರಿದ ಮೇಲೆ ಹರಳು ಕಟ್ಟಿ, ಎಳನೀರಾಗಿ, ಕಾಯಿ ಬಲಿಯಲು ಇನ್ನೊಂದು ವರ್ಷ ಬೇಕು. ಒಂದು ಬೇಸಿಗೆ ಮಳೆಯಿಲ್ಲದೆ ಲಂಬಿಸಿದರೆ ಅದರ ಪೆಟ್ಟು ಮುಂದಿನ ನಾಲ್ಕು ವರ್ಷದ ಫಸಲಿನ ಮೇಲೂ ಬೀಳುತ್ತದೆಂದು ತೆಂಗಿನ ಸಂಶೋಧಕರು ತೋರಿಸಿದ್ದಾರೆ. ತುಮಕೂರು ಜಿಲ್ಲೆಯ ಹುಳಿಯಾರು ಹೋಬಳಿಯ ತೋಟದವರಿಗೆ ಇದು ಹೊಸ ಸುದ್ದಿಯಲ್ಲ; ಮಳೆ ಚೆನ್ನಾಗಿ ಆದ ವರ್ಷದಲ್ಲೂ ಗೊನೆ ಬಡಕಲಾಗಿದ್ದರೆ ಅವರು ಹಳೆಯ ಬರವನ್ನೇ ನೆನೆಯುತ್ತಾರೆ.

ಯೋಜನೆಗಳ ಲೆಕ್ಕ ಬೇರೆ. ಅವುಗಳ ವರ್ಷ ಏಪ್ರಿಲ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ತೋಟಕ್ಕೆ ಎರಡು ಕಂತಿನಲ್ಲಿ ಗೊಬ್ಬರದ ಸಹಾಯಧನ ಕೊಟ್ಟು, ಮೂರನೆಯ ವರ್ಷ ‘ಇಳುವರಿ ಎಷ್ಟು ಹೆಚ್ಚಿತು’ ಎಂದು ಸಮೀಕ್ಷೆಗೆ ಬಂದವರ ಕೈಗೆ ಸಿಗುವುದು, ಯೋಜನೆಗೆ ಅರ್ಜಿ ಹಾಕುವುದಕ್ಕೂ ಮುಂಚೆ ಸುಳಿಯಲ್ಲಿ ಮೂಡಿದ ಗೊನೆಗಳ ಲೆಕ್ಕ. ಗೊಬ್ಬರ ಬಿದ್ದ ವರ್ಷವೇ ಹರಳು ಉದುರುವುದು ಕೊಂಚ ಕಡಿಮೆಯಾಗಬಹುದು, ಕಾಯಿಯ ಗಾತ್ರ ಸುಧಾರಿಸಬಹುದು. ಆದರೆ ಗೊನೆಯ ಹಣೆಬರಹ ಬಹುಮಟ್ಟಿಗೆ ಅದಾಗಲೇ ತೀರ್ಮಾನವಾಗಿರುತ್ತದೆ. ಇಂಥ ಸಮೀಕ್ಷೆಯಲ್ಲಿ ಲೆಕ್ಕಾಚಾರದ ತಪ್ಪಿರುವುದಿಲ್ಲ, ಮಾದರಿಯ ಆಯ್ಕೆಯೂ ಸರಿಯಿರಬಹುದು. ಕೇಳಬೇಕಾದ ಮೊದಲ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರುವುದಿಲ್ಲ: ಈ ಯೋಜನೆ ಮೌಲ್ಯಮಾಪನಕ್ಕೆ ಸಿದ್ಧವಾಗಿದೆಯೇ?

ಆ ಪ್ರಶ್ನೆಯ ಚರಿತ್ರೆಯನ್ನು ಪಠ್ಯಪುಸ್ತಕಗಳು ವಾಷಿಂಗ್ಟನ್ನಿನಿಂದ ಆರಂಭಿಸುತ್ತವೆ. ಇಲ್ಲಿ ಅದನ್ನು ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಕಡೆಯಿಂದ ನೋಡಲಾಗಿದೆ. ಹಾಗೆ ನೋಡಿದಾಗ ಎರಡು ಸಂಗತಿ ಎದ್ದು ಕಾಣುತ್ತವೆ. ಮೌಲ್ಯಮಾಪನಕ್ಕೊಂದು ಸಂಸ್ಥೆಯನ್ನು ಕಟ್ಟಿದ್ದರಲ್ಲಿ ಭಾರತ ಅಮೆರಿಕಕ್ಕಿಂತ ಹಿಂದೆ ಬಿದ್ದಿರಲಿಲ್ಲ, ಮುಂದಿತ್ತು. ಸಿದ್ಧತೆಯ ಪ್ರಶ್ನೆಯನ್ನು ಪ್ರತ್ಯೇಕ ಹಂತವಾಗಿ ಮಾಡಿಕೊಳ್ಳಲಿಲ್ಲ, ಅಷ್ಟೆ. ಎರಡನೆಯದು, ಅಮೆರಿಕದವರು ಮಾಡಿದ ನಿಬಂಧನೆಗಳ ಪಟ್ಟಿ ತೆಂಗಿನ ನಾಡಿಗೆ ಸಾಲದು. ಬೆಳೆಯ ಕಾಲಮಾನಕ್ಕೆ ಅದರಲ್ಲಿ ಜಾಗವಿಲ್ಲ.

ಅಮೆರಿಕದ ಪಾಠ

1960ರ ದಶಕದಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಬಡತನದ ವಿರುದ್ಧ ಸಮರ ಸಾರಿದಾಗ ಅಮೆರಿಕದ ಒಕ್ಕೂಟ ಸರ್ಕಾರ ಶಿಕ್ಷಣ, ಆರೋಗ್ಯ, ಉದ್ಯೋಗ ತರಬೇತಿಗಳಿಗೆ ಧಾರಾಳವಾಗಿ ಹಣ ಸುರಿಯಿತು. ಹಿಂದೆಯೇ ಮೌಲ್ಯಮಾಪನದ ಬೇಡಿಕೆಯೂ ಬಂತು. 1968ರಲ್ಲಿ ಸ್ಥಾಪನೆಯಾದ ಅರ್ಬನ್ ಇನ್‌ಸ್ಟಿಟ್ಯೂಟ್‌ನಲ್ಲಿ ಜೋಸೆಫ್ ಹೋಲಿ ಮತ್ತು ಸಂಗಡಿಗರು ಈ ಮೌಲ್ಯಮಾಪನಗಳನ್ನೇ ಪರಿಶೀಲನೆಗೆ ಎತ್ತಿಕೊಂಡರು. ಖರ್ಚು ಮಾಡಿ ಬರೆಸಿದ ವರದಿಗಳನ್ನು ಯಾರೂ ಬಳಸುತ್ತಿಲ್ಲವೇಕೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. 1974ರಲ್ಲಿ ಪಮೇಲಾ ಹಾರ್ಸ್ಟ್, ಜೋ ನೇ, ಜಾನ್ ಸ್ಕ್ಯಾನ್ಲನ್ ಮತ್ತು ಹೋಲಿ ಕೂಡಿ ಬರೆದ ಲೇಖನ ದೋಷವನ್ನು ಮೌಲ್ಯಮಾಪಕರ ಮೇಲೆ ಹೊರಿಸಲಿಲ್ಲ, ಯೋಜನೆಗಳತ್ತ ಬೊಟ್ಟು ಮಾಡಿತು. ಯಾವ ಸಮಸ್ಯೆಗೆ ಏನು ಮಾಡಲಾಗುತ್ತಿದೆ ಎಂಬುದೇ ಅಸ್ಪಷ್ಟ. ಮಾಡಿದ್ದಕ್ಕೂ ನಿರೀಕ್ಷಿತ ಫಲಕ್ಕೂ ನಡುವಿನ ತರ್ಕ ಸಡಿಲ. ವರದಿ ಬಂದರೆ ಅದರಂತೆ ನಡೆಯುವ ಅಧಿಕಾರವೋ ಇಚ್ಛೆಯೋ ಉಸ್ತುವಾರಿಯಲ್ಲಿರುವವರಿಗೆ ಇಲ್ಲ. ಇಂಥ ಯೋಜನೆಯನ್ನು ಎಷ್ಟೇ ಚೊಕ್ಕವಾಗಿ ಅಳೆದರೂ ಬಂದ ಅಂಕಿಗೆ ಅರ್ಥವಿರುವುದಿಲ್ಲ ಎಂಬುದು ಅವರ ನಿಲುವು.

ಇದರಿಂದ ಹೊರಟದ್ದೇ ಮೌಲ್ಯಮಾಪನ ಸಿದ್ಧತೆಯ ಪರಿಶೀಲನೆ. ಪೂರ್ಣ ಮೌಲ್ಯಮಾಪನಕ್ಕೆ ಹಣ ಕಟ್ಟುವ ಮೊದಲು ಸಣ್ಣ ತಂಡವೊಂದು ಕಡತ ಓದುತ್ತದೆ, ಅಧಿಕಾರಿಗಳನ್ನು ಮಾತಾಡಿಸುತ್ತದೆ, ಸ್ಥಳಕ್ಕೆ ಹೋಗಿ ಕಾಗದದ ಮೇಲಿನ ಯೋಜನೆಗೂ ನೆಲದ ಮೇಲಿನದಕ್ಕೂ ತಾಳೆ ನೋಡುತ್ತದೆ. ಗುರಿ ಸ್ಪಷ್ಟವಾಗಿದೆಯೇ, ಆ ಗುರಿ ಕೈಗೂಡುವಂಥದ್ದೇ, ಬೇಕಾದ ಮಾಹಿತಿ ಸಿಗುತ್ತದೆಯೇ, ಫಲಿತಾಂಶವನ್ನು ಹೇಗೆ ಬಳಸುತ್ತೇವೆಂದು ಸಂಬಂಧಪಟ್ಟವರು ಒಪ್ಪಿದ್ದಾರೆಯೇ ಎಂಬ ನಾಲ್ಕು ನಿಬಂಧನೆಗಳನ್ನು ಹೋಲಿ ಮುಂದಿಟ್ಟರು. 1978ರಿಂದ 1980ರವರೆಗೆ ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಇಲಾಖೆಯಲ್ಲಿ ಅಧಿಕಾರ ವಹಿಸಿಕೊಂಡಿದ್ದಾಗ ಇದನ್ನು ಪ್ರಯೋಗಿಸುವ ಅವಕಾಶವೂ ಅವರಿಗೆ ಸಿಕ್ಕಿತು.

ಮುಂದಿನ ಕಥೆ ಚಿಕ್ಕದು. ಕೆನಡಾದ ಲಿಯೊನಾರ್ಡ್ ರಟ್‌ಮನ್ 1980ರಲ್ಲಿ ಇದೇ ವಿಷಯದ ಮೇಲೆ ಪುಸ್ತಕ ಬರೆದರು. ಅವರ ಒಲವು ಅಳತೆಯ ವಿಧಾನದ ಕಡೆಗಿತ್ತು, ಹೋಲಿಯವರದು ಆಡಳಿತ ಸುಧಾರಣೆಯ ಕಡೆಗೆ. 1980ರ ದಶಕದ ಖರ್ಚು ಕಡಿತದಲ್ಲಿ ಪದ್ಧತಿಯೇ ಮಂಕಾಯಿತು. 1989ರಲ್ಲಿ ಮಿಡ್ಜ್ ಸ್ಮಿತ್ ಅದಕ್ಕೆ ವ್ಯವಸ್ಥಿತವಾದ ಕೈಪಿಡಿ ಕೊಟ್ಟರು. ಅವರು ಪಳಗಿದ್ದು ಕೃಷಿ ವಿಸ್ತರಣಾ ಸೇವೆಯ ಕಾರ್ಯಕ್ರಮಗಳಲ್ಲಿ ಎಂಬುದು ನಮ್ಮ ಮಟ್ಟಿಗೆ ಗಮನಿಸಬೇಕಾದ ಮಾತು. 2000ದ ನಂತರ ಅಂತರರಾಷ್ಟ್ರೀಯ ನೆರವು ಸಂಸ್ಥೆಗಳು ಇದನ್ನು ಮತ್ತೆ ಕೈಗೆತ್ತಿಕೊಂಡವು. 2013ರಲ್ಲಿ ಬ್ರಿಟನ್ನಿನ ಅಭಿವೃದ್ಧಿ ನೆರವಿನ ಇಲಾಖೆಗಾಗಿ ರಿಕ್ ಡೇವಿಸ್ ಹಿಂದಿನ ಅನುಭವಗಳನ್ನೆಲ್ಲ ಜಾಲಾಡಿ, ಯೋಜನೆಯ ರಚನೆ, ಮಾಹಿತಿಯ ಲಭ್ಯತೆ, ಸಾಂಸ್ಥಿಕ ಪರಿಸರ ಎಂಬ ಮೂರು ತಲೆಬರಹಗಳಡಿ ಪ್ರಶ್ನೆಗಳನ್ನು ಹೊಂದಿಸಿದರು.

1952ರ ಮುಂಚೂಣಿ

ಭಾರತದಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ 1952ರ ಅಕ್ಟೋಬರ್ 2ರಂದು ಆರಂಭವಾಯಿತು. ಅದೇ ತಿಂಗಳು ಯೋಜನಾ ಆಯೋಗದಡಿ ಕಾರ್ಯಕ್ರಮ ಮೌಲ್ಯಮಾಪನ ಸಂಸ್ಥೆ ಹುಟ್ಟಿತು. ಡಿ.ಜಿ. ಕರ್ವೆ ಅದರ ಮೊದಲ ನಿರ್ದೇಶಕರು. ಅರ್ಬನ್ ಇನ್‌ಸ್ಟಿಟ್ಯೂಟ್ ಹುಟ್ಟಲು ಆಗಿನ್ನೂ 16 ವರ್ಷವಿತ್ತು. ಕಾರ್ಯಕ್ರಮ ನಡೆಸುವ ಇಲಾಖೆಯ ಹೊರಗಿದ್ದುಕೊಂಡು, ಕಾರ್ಯಕ್ರಮದ ಜೊತೆಜೊತೆಗೇ ಅದನ್ನು ಗಮನಿಸುವ ಸಂಸ್ಥೆಯ ಕಲ್ಪನೆ ಆ ಕಾಲಕ್ಕೆ ಸಣ್ಣದೇನಲ್ಲ. ಬದಲಾವಣೆಯನ್ನು ಆಮೇಲೆ ಅಳೆಯಬೇಕಾದರೆ ಮೊದಲಿನ ಸ್ಥಿತಿ ದಾಖಲಾಗಿರಬೇಕೆಂದು ಅರಿತು, ಆಯ್ದ ಪ್ರದೇಶಗಳಲ್ಲಿ ಆರಂಭಿಕ ಸಮೀಕ್ಷೆಗಳನ್ನೂ ಸಂಸ್ಥೆ ನಡೆಸಿತು.

ಎಡವಿದ್ದು ಗುರಿಯ ವಿಷಯದಲ್ಲಿ. ರಸ್ತೆ, ಬಾವಿ, ಶಾಲಾ ಕಟ್ಟಡದಿಂದ ಹಿಡಿದು ಹಳ್ಳಿಗರ ಮನೋಭಾವವನ್ನೇ ಬದಲಿಸುವವರೆಗೆ ಸಮುದಾಯ ಅಭಿವೃದ್ಧಿಯ ಗುರಿಗಳು ಹಬ್ಬಿದ್ದವು. ಎಣಿಸಲು ಬರುವಂಥದ್ದು ಬಾವಿ, ಕಟ್ಟಡ. ಹಾಗಾಗಿ ಇಲಾಖೆಗಳ ಲಕ್ಷ್ಯವೂ ಅತ್ತಲೇ ವಾಲಿತು. ಇದನ್ನು ಸಂಸ್ಥೆಯ ವರದಿಗಳೇ ಎತ್ತಿ ತೋರಿಸಿದವು. 1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ ಜನರ ಪಾಲ್ಗೊಳ್ಳುವಿಕೆಯ ಕೊರತೆಯನ್ನು ಗುರುತಿಸಿ ಮೂರು ಹಂತದ ಪಂಚಾಯತಿ ವ್ಯವಸ್ಥೆಯನ್ನು ಸೂಚಿಸಿತು. ಅಮೆರಿಕದವರು 1974ರಲ್ಲಿ ಬರೆದ ದೂರಿನ ಅರ್ಧಭಾಗ ಆಗಲೇ ನಮ್ಮ ವರದಿಗಳಲ್ಲಿತ್ತು ಎನ್ನಬಹುದು. ಆದರೆ ಅದು ಮೌಲ್ಯಮಾಪನದ ಕೊನೆಯಲ್ಲಿ ಸಿಕ್ಕ ತೀರ್ಮಾನವಾಗಿ ಉಳಿಯಿತು. ಮೌಲ್ಯಮಾಪನಕ್ಕೆ ಮೊದಲು ದಾಟಬೇಕಾದ ಹೊಸ್ತಿಲಾಗಲಿಲ್ಲ.

ಅದೇ ದಶಕದಲ್ಲಿ ಮಂಡ್ಯದ ಬಳಿ ನಡೆದ ಅಧ್ಯಯನವೊಂದನ್ನು ಇಲ್ಲಿ ನೆನೆಯಬೇಕು. ಮ್ಯಾಂಚೆಸ್ಟರಿನ ಮಾನವಶಾಸ್ತ್ರ ಪರಂಪರೆಯ ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದ ಮಧ್ಯದಲ್ಲಿ ಎರಡು ಹಳ್ಳಿಗಳನ್ನು ಆಯ್ದುಕೊಂಡು, ವಾಂಗಲ, ಡಾಲೇನ ಎಂಬ ಮರೆಹೆಸರು ಕೊಟ್ಟರು. ವಾಂಗಲಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದಿತ್ತು, ಡಾಲೇನ ಖುಷ್ಕಿಯಾಗಿಯೇ ಉಳಿದಿತ್ತು. 1962ರಲ್ಲಿ ಪುಸ್ತಕ ಪ್ರಕಟಿಸಿದ ಅವರು 1970ರಲ್ಲಿ ಮತ್ತೆ ಅದೇ ಹಳ್ಳಿಗಳಿಗೆ ಬಂದರು. ಸರ್ಕಾರಿ ಅರ್ಥದಲ್ಲಿ ಇದು ಮೌಲ್ಯಮಾಪನವಲ್ಲ. ಆದರೂ ಹೋಲಿಕೆಗೊಂದು ಹಳ್ಳಿ, ಮರುಭೇಟಿಗೆ ಒಂದೂವರೆ ದಶಕದ ಅಂತರ, ಮೊದಲ ಸುತ್ತಿನ ವಿವರವಾದ ದಾಖಲೆ ಎಲ್ಲವೂ ಇದ್ದದ್ದರಿಂದ ನೀರಾವರಿಯ ಫಲವನ್ನು ಇದರಷ್ಟು ನೆಚ್ಚಿಕೆಯಿಂದ ಹೇಳುವ ಸರ್ಕಾರಿ ವರದಿಗಳು ಕಡಿಮೆ.

ಸುಜಲ: ಮೊದಲೇ ಮಾಡಿಕೊಂಡ ಸಿದ್ಧತೆ

ತುಮಕೂರು ಜಿಲ್ಲೆಗೆ ಸಿದ್ಧತೆಯ ಪ್ರಶ್ನೆ ನಿಜವಾಗಿ ಬಂದದ್ದು 2001ರಲ್ಲಿ, ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆಯ ಜೊತೆ. ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಈ ಐದು ಜಿಲ್ಲೆಗಳ 77 ಉಪಜಲಾನಯನಗಳು ಅದರ ವ್ಯಾಪ್ತಿಯಲ್ಲಿದ್ದವು. ಕೆಲಸ ಮೂರು ಹಂತಗಳಲ್ಲಿ ಹರಡಿ 2009ರಲ್ಲಿ ಮುಗಿಯಿತು. ಬದು, ಕೃಷಿಹೊಂಡ, ತಡೆಅಣೆ, ಅರಣ್ಯೀಕರಣ, ಸ್ವಸಹಾಯ ಗುಂಪು ಹೀಗೆ ಕೆಲಸಗಳ ಪಟ್ಟಿ ಹಿಂದಿನ ಜಲಾನಯನ ಕಾರ್ಯಕ್ರಮಗಳಂತೆಯೇ ಇತ್ತು. ಹೊಸದಾಗಿದ್ದು ಉಸ್ತುವಾರಿ ಮತ್ತು ಮೌಲ್ಯಮಾಪನವನ್ನು ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಸಂಸ್ಥೆಗೆ ಆರಂಭದಿಂದಲೇ ಒಪ್ಪಿಸಿದ್ದು.

ಇದರ ಪರಿಣಾಮ ಗಮನಾರ್ಹ. ಆರಂಭಿಕ ಸಮೀಕ್ಷೆ ಮೊದಲೇ ಆಯಿತು. ಉಪಗ್ರಹ ಚಿತ್ರಗಳಲ್ಲಿ ಹಸಿರಿನ ಏರಿಳಿತ ದಾಖಲಾಯಿತು, ಮನೆಮನೆ ಸಮೀಕ್ಷೆಯಿಂದ ಇಳುವರಿ, ಆದಾಯ, ವಲಸೆಯ ವಿವರ ಬಂತು. ಕೆಲಸ ನಡೆಯದ ಪ್ರದೇಶಗಳೊಂದಿಗೆ ಹೋಲಿಸಿ ನೋಡುವ ವ್ಯವಸ್ಥೆಯಿತ್ತು. ಮೊದಲ ಹಂತದಲ್ಲಿ ಕಂಡ ಕೊರತೆಗಳನ್ನು ಮುಂದಿನ ಹಂತಕ್ಕೆ ದಾಟಿಸಲು ಅವಕಾಶವಿತ್ತು. ಹೋಲಿಯವರ ನಾಲ್ಕು ನಿಬಂಧನೆಗಳನ್ನು ಒಂದೊಂದಾಗಿ ಇಟ್ಟು ನೋಡಿದರೂ ಸುಜಲ ತೇರ್ಗಡೆಯಾಗುತ್ತದೆ.

ಆದರೆ 2001-02ರಿಂದ 2003-04ರವರೆಗೆ ಕರ್ನಾಟಕದಲ್ಲಿ ಸತತ ಮೂರು ವರ್ಷ ಬರ. ಯೋಜನೆಯ ಆರಂಭವೂ ಅದೇ ಹೊತ್ತಿಗೆ. ಬರದಲ್ಲಿ ತೆಗೆದ ಮೊದಲ ಅಂಕಿಯನ್ನು ಮಳೆ ಚೇತರಿಸಿಕೊಂಡ ವರ್ಷಗಳ ಅಂಕಿಯೊಂದಿಗೆ ಇಟ್ಟರೆ, ಬದು ಹಾಕದಿದ್ದರೂ ಇಳುವರಿ ಏರಿದಂತೆಯೇ ಕಾಣುತ್ತದೆ. ಬಾವಿಯ ನೀರಿನ ಮಟ್ಟವೂ ಹಾಗೆಯೇ. ಸುಜಲವನ್ನು ಈ ಗುಂಡಿಯಿಂದ ಬಹುಪಾಲು ಉಳಿಸಿದ್ದು ಹೋಲಿಕೆಯ ಪ್ರದೇಶಗಳು, ಏಕೆಂದರೆ ಬರ ಬಿದ್ದದ್ದು ಎರಡೂ ಕಡೆಗೆ. ಹೋಲಿಕೆಯ ವ್ಯವಸ್ಥೆ ಇಲ್ಲದ ಯೋಜನೆಗಳಿಗೆ ಆ ಆಸರೆಯಿರುವುದಿಲ್ಲ. ಏಳು ರಾಜ್ಯಗಳಿಗೆಂದು 2019ರ ಡಿಸೆಂಬರ್‌ನಲ್ಲಿ ಚಾಲನೆ ಪಡೆದ ಅಟಲ್ ಭೂಜಲ ಯೋಜನೆ ಕರ್ನಾಟಕವನ್ನೂ ಒಳಗೊಂಡಿದೆ. ಅಂತರ್ಜಲದ ಕುಸಿತ ನಿಲ್ಲುವುದು ಅದರ ಯಶಸ್ಸಿನ ಒಂದು ಅಳತೆ. ಕೊಳವೆಬಾವಿಯ ನೀರು ಏರಿದ್ದಕ್ಕೆ ಗ್ರಾಮದ ನೀರಿನ ಬಜೆಟ್ ಕಾರಣವೋ ವರುಣ ಕಾರಣವೋ ಎಂದು ಬೇರ್ಪಡಿಸಲು ಹತ್ತಾರು ವರ್ಷದ ಮಳೆಯ ದಾಖಲೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ಬೇರೆ ದಾರಿಯಿಲ್ಲ.

ಹುಳಿಯಾರಿನಲ್ಲಿ ಪರೀಕ್ಷೆ

ಇನ್ನು ತೆಂಗು. ಕೇಂದ್ರದ ತೆಂಗು ಅಭಿವೃದ್ಧಿ ಮಂಡಳಿ 1981ರಲ್ಲಿ ಕೆಲಸ ಆರಂಭಿಸಿತು. ತೆಂಗಿನ ತೋಟಗಳ ಮರುನಾಟಿ ಮತ್ತು ಪುನಶ್ಚೇತನ ಯೋಜನೆ 2009-10ರಲ್ಲಿ ಕೇರಳ, ಅಂಡಮಾನ್‌ಗಳಲ್ಲಿ ಪ್ರಾಯೋಗಿಕವಾಗಿ ಶುರುವಾಗಿ ಕರ್ನಾಟಕಕ್ಕೂ ಬಂತು. ರೋಗ ಹಿಡಿದ, ಮುಪ್ಪಾದ, ಫಲ ಬಿಡದ ಮರಗಳನ್ನು ಕಡಿದು ತೆಗೆಯುವುದು, ಆ ಜಾಗಕ್ಕೆ ಸಸಿ ನೆಡುವುದು, ಉಳಿದ ಮರಗಳಿಗೆ ಗೊಬ್ಬರ ಕೊಟ್ಟು ಆರೈಕೆ ಮಾಡುವುದು ಅದರ ತಿರುಳು. ಅಣಬೆ ರೋಗ, ಕಾಂಡ ಸೋರುವ ರೋಗ, 1998ರಲ್ಲಿ ಎರ್ನಾಕುಲಂ ಜಿಲ್ಲೆಯಲ್ಲಿ ಮೊದಲು ಗುರುತಾಗಿ ಇತ್ತ ಹಬ್ಬಿದ ನುಸಿಪೀಡೆ, ಇವೆಲ್ಲದರ ಹೊಡೆತ ತಿಂದ ಈ ಸೀಮೆಗೆ ಯೋಜನೆಯ ಅಗತ್ಯದ ಬಗ್ಗೆ ತಕರಾರಿಲ್ಲ. ಹುಳಿಯಾರು ಹೋಬಳಿಯಲ್ಲಿ ಇಂಥದ್ದೊಂದನ್ನು ಅಳೆಯಹೊರಟರೆ ಸಿದ್ಧತೆಯ ಪರಿಶೀಲನೆ ಏನು ಹೇಳೀತು ಎಂದು ನೋಡೋಣ.

ಗುರಿ ‘ಉತ್ಪಾದಕತೆಯ ಹೆಚ್ಚಳ’. ಮರವೊಂದಕ್ಕೋ, ಎಕರೆಗೋ? ಫಲ ಬಿಡದ ಮರವನ್ನು ಕಡಿದ ಕೂಡಲೇ, ಉಳಿದ ಮರಗಳಲ್ಲಿ ಒಂದು ಕಾಯಿಯೂ ಹೆಚ್ಚಾಗದಿದ್ದರೂ, ಮರವೊಂದರ ಸರಾಸರಿ ಏರುತ್ತದೆ. ಎಕರೆಯ ಲೆಕ್ಕಕ್ಕೆ ಬಂದರೆ ಅಷ್ಟಿಷ್ಟು ಬಿಡುತ್ತಿದ್ದ ಮುದಿಮರ ಹೋದದ್ದರಿಂದ ಮೊದಲ ವರ್ಷಗಳಲ್ಲಿ ಇಳಿಕೆಯೇ ಕಾಣಬಹುದು. ಅದೇ ತೋಟ, ಅದೇ ವರ್ಷ. ಒಂದು ಲೆಕ್ಕದಲ್ಲಿ ಗೆಲುವು, ಇನ್ನೊಂದರಲ್ಲಿ ಸೋಲು. ಯಾವುದನ್ನು ಹಿಡಿಯಬೇಕೆಂದು ಮೊದಲೇ ಬರೆದಿಡದಿದ್ದರೆ ಅವರವರಿಗೆ ಬೇಕಾದ್ದನ್ನು ಆಯ್ದುಕೊಳ್ಳಲು ಬಾಗಿಲು ತೆರೆದೇ ಇರುತ್ತದೆ.

ನೆಟ್ಟ ಸಸಿಯ ಸಂಗತಿ ಇನ್ನೂ ದೂರದ್ದು. ಈ ಭಾಗದ ಎತ್ತರದ ತಳಿ, ತಿಪಟೂರು ಟಾಲ್, ಆರೆಂಟು ವರ್ಷಕ್ಕೆ ಫಲಕ್ಕೆ ಬಂದು, ಪೂರ್ಣ ಇಳುವರಿ ಮುಟ್ಟಲು ಮತ್ತಷ್ಟು ವರ್ಷ ತೆಗೆದುಕೊಳ್ಳುತ್ತದೆ. ಆ ಹೊತ್ತಿಗೆ ಯೋಜನೆ ಮುಗಿದು, ಹೆಸರು ಬದಲಾಗಿ, ಬೇರೊಂದರೊಳಗೆ ವಿಲೀನವಾಗಿದ್ದರೂ ಆಶ್ಚರ್ಯವಿಲ್ಲ. ಮೂರನೆಯ ವರ್ಷ ನ್ಯಾಯವಾಗಿ ಕೇಳಬಹುದಾದ ಪ್ರಶ್ನೆ ‘ಸಸಿ ಬದುಕಿದೆಯೇ’ ಎಂಬುದೊಂದೇ. ಕೊಳವೆಬಾವಿಗಳು ಬತ್ತುವ ಈ ಸೀಮೆಯಲ್ಲಿ ಅದೇನು ಸಣ್ಣ ಪ್ರಶ್ನೆಯೂ ಅಲ್ಲ.

ಮಾಹಿತಿಯ ವಿಚಾರಕ್ಕೆ ಬಂದರೆ ನಿಜವಾದ ತೊಡಕು ಎದುರಾಗುತ್ತದೆ. 2000ದಲ್ಲಿ ‘ಭೂಮಿ’ ಮೂಲಕ ಪಹಣಿಗಳು ಗಣಕೀಕೃತವಾದವು. 2017ರ ನಂತರ ಮೊಬೈಲ್ ಆ್ಯಪ್ ಹಿಡಿದು ತಾಕುವಾರು ಬೆಳೆ ಸಮೀಕ್ಷೆಯೂ ನಡೆಯುತ್ತಿದೆ. ಇವುಗಳಿಂದ ಯಾವ ಸರ್ವೆ ನಂಬರಿನಲ್ಲಿ ಎಷ್ಟು ಎಕರೆ ತೆಂಗಿದೆ ಎಂದು ತಿಳಿಯುತ್ತದೆ. ಎಷ್ಟು ಮರ, ಅವುಗಳ ವಯಸ್ಸೆಷ್ಟು, ಫಲ ಬಿಡುವವು ಎಷ್ಟು ಎಂದು ತಿಳಿಯುವುದಿಲ್ಲ. ರಾಗಿ ಹೊಲದ ಬದುವಿನ ಮೇಲೆ ಸಾಲಾಗಿ ನಿಂತ ಮರಗಳು ಯಾವ ಕಾಲಮ್ಮಿಗೂ ಸೇರದೆ ಹೋಗುವುದುಂಟು.

ರೈತರನ್ನೇ ಕೇಳೋಣವೆಂದರೆ ಅಟ್ಟ ಅಡ್ಡ ಬರುತ್ತದೆ. ಈ ಸೀಮೆಯ ಹೆಮ್ಮೆ ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಎಂಟರಿಂದ ಹನ್ನೆರಡು ತಿಂಗಳು ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಡುತ್ತದೆ. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರೆ ಉಂಡೆ ಚಿಪ್ಪಿಗೆ ಬಡಿಯುವ ಗಡಗಡ ಸದ್ದು ಕೇಳಬೇಕು. ಆಮೇಲೆ ಸಿಪ್ಪೆ ಸುಲಿದು, ಚಿಪ್ಪು ಒಡೆದು, ಹೆರೆದು, ಮಾರುಕಟ್ಟೆಗೆ. ಸಮೀಕ್ಷೆಯವರು ‘ಈ ವರ್ಷ ಎಷ್ಟು ಕ್ವಿಂಟಲ್ ಆಯಿತು’ ಎಂದು ಕೇಳಿದಾಗ ರೈತ ಹೇಳುವುದು ಈ ವರ್ಷ ಮಾರಿದ ಕೊಬ್ಬರಿಯನ್ನು. ಅದು ಮರದಿಂದ ಇಳಿದದ್ದು ಹಿಂದಿನ ವರ್ಷ, ಸುಳಿಯಲ್ಲಿ ಮೂಡಿದ್ದು ಅದಕ್ಕೂ ಮೂರೂವರೆ ವರ್ಷದ ಹಿಂದೆ. ಬೆಲೆ ಕುಸಿದಾಗ ಮಾರದೆ ಅಟ್ಟದಲ್ಲೇ ಇಟ್ಟದ್ದು, ಎಳನೀರಿಗೆಂದು ಗೊನೆಗೊನೆಯೇ ಇಳಿಸಿ ಕೊಟ್ಟದ್ದು, ಮನೆಬಳಕೆಗೆ ಹೋದದ್ದು ಎಲ್ಲವನ್ನೂ ಬಿಡಿಸಿ ಕೇಳದಿದ್ದರೆ ಕ್ವಿಂಟಲ್ ಎಂಬ ಅಂಕಿಯಿಂದ ಮರದ ಆರೋಗ್ಯದ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಇಳುವರಿ ಬಿಟ್ಟು ಆದಾಯವನ್ನು ಅಳೆಯೋಣವೆಂದರೆ ಅದು ಇನ್ನೂ ಜಾರುವ ನೆಲ. ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 2023ರಲ್ಲಿ 11,750 ರೂಪಾಯಿ, 2024ರಲ್ಲಿ 12,000, 2025ರಲ್ಲಿ 12,100. ಮಾರುಕಟ್ಟೆ ಮಾತ್ರ ಈ ಮೆಟ್ಟಿಲುಗಳನ್ನು ಲೆಕ್ಕಿಸಲಿಲ್ಲ. 2023ರಲ್ಲಿ ದರ ಬೆಂಬಲ ಬೆಲೆಗಿಂತ ಬಹಳ ಕೆಳಗಿಳಿದು ಬೆಳೆಗಾರರು ಬೀದಿಗಿಳಿದರು. 2025ರಲ್ಲಿ ತಿಪಟೂರು ಮಾರುಕಟ್ಟೆಯ ದರ ಬೆಂಬಲ ಬೆಲೆಯ ಎರಡು ಪಟ್ಟನ್ನೂ ದಾಟಿತು. ಈ ಎರಡು ವರ್ಷಗಳನ್ನು ‘ಮೊದಲು’ ಮತ್ತು ‘ನಂತರ’ ಎಂದು ಹಿಡಿದರೆ ತೋಟಕ್ಕೆ ಒಂದು ಬುಟ್ಟಿ ಗೊಬ್ಬರ ಹಾಕದ ಯೋಜನೆಯೂ ರೈತರ ಆದಾಯವನ್ನು ದುಪ್ಪಟ್ಟು ಮಾಡಿದ ಕೀರ್ತಿ ಪಡೆಯುತ್ತದೆ.

ಹಾಗಾದರೆ ಅಳೆಯುವುದೇ ಬೇಡವೇ? ಹಾಗಲ್ಲ. ಸಿದ್ಧತೆಯ ಪರಿಶೀಲನೆ ಕೊಡುವ ಉತ್ತರ ಹೌದು, ಅಲ್ಲ ಎಂಬ ಎರಡಕ್ಕೇ ಸೀಮಿತವಾಗಬೇಕಿಲ್ಲ. ಹುಳಿಯಾರಿನಲ್ಲಿ ಅದು ಹೀಗೆ ಹೇಳಬಹುದು: ಮೊದಲ ವರ್ಷ ಆಯ್ದ ತೋಟಗಳಲ್ಲಿ ಪ್ರತಿ ಮರಕ್ಕೂ ನಂಬರು ಹಾಕಿ, ಗೊನೆ, ಹರಳು ಎಣಿಸಿ ಬರೆದಿಡಿ, ಯೋಜನೆಗೆ ಸೇರದ ತೋಟಗಳಲ್ಲೂ ಅದನ್ನೇ ಮಾಡಿ, ಮೂರನೆಯ ವರ್ಷ ಸಸಿಗಳ ಉಳಿವು ಮತ್ತು ಸಹಾಯಧನ ತಲುಪಿದ ಬಗೆಯನ್ನು ಮಾತ್ರ ನೋಡಿ, ಇಳುವರಿಯ ಮಾತನ್ನು ಐದನೆಯ ವರ್ಷಕ್ಕೆ ಮುಂಚೆ ಎತ್ತಬೇಡಿ, ಮರುನಾಟಿಯ ಮಾತನ್ನು ಹತ್ತು ವರ್ಷಕ್ಕೆ ಮುಂಚೆ ಎತ್ತಬೇಡಿ. ಹೋಲಿಯವರ ನಾಲ್ಕು ನಿಬಂಧನೆಗಳ ಪಕ್ಕದಲ್ಲಿ ಬೆಳೆಯ ಕಾಲಮಾನವನ್ನು ಐದನೆಯದಾಗಿ ಸೇರಿಸಬೇಕೆನ್ನುವುದು ಇದಕ್ಕೇ. ಶಾಲೆ, ಉದ್ಯೋಗ ತರಬೇತಿಗಳನ್ನು ಮುಂದಿಟ್ಟುಕೊಂಡು ರೂಪಿಸಿದ ಪಟ್ಟಿಯಲ್ಲಿ ಅದು ಹೊಳೆಯದೆ ಇದ್ದದ್ದು ಸಹಜ.

ಇದನ್ನು ಹೇಳುವ ಜಾಗ ಕರ್ನಾಟಕದ ವ್ಯವಸ್ಥೆಯಲ್ಲಿ ಎಲ್ಲಿದೆ? ರಾಜ್ಯಗಳ ಪೈಕಿ ಬೇಗ ಎಚ್ಚೆತ್ತುಕೊಂಡ ನಮ್ಮ ಸರ್ಕಾರ 2000ದಲ್ಲೇ ಮೌಲ್ಯಮಾಪನ ನೀತಿ ತಂದಿತು, 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವನ್ನು ರಚಿಸಿತು. ಕೇಂದ್ರದಲ್ಲಿ 1952ರ ಹಳೆಯ ಸಂಸ್ಥೆ 2015ರಲ್ಲಿ ನೀತಿ ಆಯೋಗದ ಅಭಿವೃದ್ಧಿ ಉಸ್ತುವಾರಿ ಮತ್ತು ಮೌಲ್ಯಮಾಪನ ಕಚೇರಿಯೊಳಗೆ ವಿಲೀನವಾಯಿತು. ಪ್ರಾಧಿಕಾರ ಪ್ರತಿ ಅಧ್ಯಯನಕ್ಕೂ ಉಲ್ಲೇಖ ನಿಬಂಧನೆಗಳನ್ನು ಸಿದ್ಧಪಡಿಸುತ್ತದೆ; ಯೋಜನೆಯ ತರ್ಕವನ್ನು, ಪ್ರಶ್ನೆಗಳನ್ನು, ಮಾದರಿಯ ಗಾತ್ರವನ್ನು ಅದರಲ್ಲಿ ಬಿಡಿಸಿಡುತ್ತದೆ; ಆಯ್ಕೆಯಾದ ಸಂಸ್ಥೆ ಆರಂಭಿಕ ವರದಿ ಸಲ್ಲಿಸುತ್ತದೆ. ಸಿದ್ಧತೆಯ ಪ್ರಶ್ನೆಗಳ ಚೂರುಪಾರು ಈ ಎರಡು ಕಾಗದಗಳಲ್ಲಿ ಇವೆ. ಆದರೆ ಆ ಹೊತ್ತಿಗೆ ಮೌಲ್ಯಮಾಪನ ಮಾಡುವುದೆಂದು ತೀರ್ಮಾನವಾಗಿ, ಹಣ ಮಂಜೂರಾಗಿ, ಸಂಸ್ಥೆಯ ಆಯ್ಕೆಯೂ ಮುಗಿದಿರುತ್ತದೆ. ‘ಈಗ ಅಳೆಯಲು ಬರುವುದಿಲ್ಲ, ಮೂರು ವರ್ಷ ಬಿಟ್ಟು ನೋಡಿ’ ಎಂದು ಆರಂಭಿಕ ವರದಿಯಲ್ಲಿ ಬರೆಯುವ ಸಂಸ್ಥೆ ತನ್ನ ಮುಂದಿನ ಕಂತುಗಳನ್ನು ತಾನೇ ಕಳೆದುಕೊಂಡಂತೆ. ಯಾವ ಸಲಹಾ ಸಂಸ್ಥೆಯಿಂದಲೂ ಅಂಥ ತ್ಯಾಗವನ್ನು ನಿರೀಕ್ಷಿಸಲಾಗದು. ಸಿದ್ಧತೆಯ ಪರಿಶೀಲನೆಗೆ ಬೇರೆಯೇ ಆದ ಸಣ್ಣ ಒಪ್ಪಂದ, ಬೇರೆಯೇ ಶುಲ್ಕ ಇರಬೇಕು. ಅದನ್ನು ಮಾಡಿದ ತಂಡ ಮುಂದಿನ ಮೌಲ್ಯಮಾಪನಕ್ಕೆ ಅರ್ಜಿ ಹಾಕಬಾರದು. ಉತ್ತರ ‘ಇಲ್ಲ’ ಎಂದಾದರೂ ಪೂರ್ತಿ ಹಣ ಸಂದಾಯವಾಗಬೇಕು.